ಎಂಎಸ್‌ನಲ್ಲಿ ತಲೆ ನಿಧಾನವಾದಾಗ

(ಎಂಎಸ್ ಇರುವವರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಆಮೇಲೆ ಬಂದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಒಬ್ಬರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಅನ್ನುವ ಮಿದುಳು-ನರಗಳ ಕಾಯಿಲೆ ಇದೆ ಅಂತ ಗೊತ್ತಾದಾಗ ಜನ ಮೊದಲು ಏನು ಕೇಳುತ್ತಾರೆ? "ನಡೆಯೋಕೆ ಆಗುತ್ತಾ?" ಆಗುತ್ತದೆ ಅಂದರೆ "ಸದ್ಯ, ಅಷ್ಟಾದರೂ ಆಯ್ತಲ್ಲ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಇದಕ್ಕೆ ಜನರನ್ನು ದೂರಿ ಪ್ರಯೋಜನವಿಲ್ಲ. ವೈದ್ಯರು ಬಳಸುವ ಅಳತೆಗೋಲೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. ಜಾನ್ ಕರ್ಟ್ಸ್‌ಕಿ ಅನ್ನುವ ನರರೋಗ ತಜ್ಞರು 1983ರಲ್ಲಿ ಇಡಿಎಸ್ಎಸ್ ಅನ್ನುವ ಮಾಪಕ ಕೊಟ್ಟರು. ಸೊನ್ನೆಯಿಂದ ಹತ್ತರವರೆಗೆ ಅಂಕ; ಅಂಕ ಏರಿದಷ್ಟೂ ತೊಂದರೆ ಜಾಸ್ತಿ. ನಿಮ್ಮ ಫೈಲಿನಲ್ಲೂ ಆ ಅಂಕ ಎಲ್ಲೋ ಬರೆದಿರುತ್ತದೆ, ನೋಡಿ. ನಾಲ್ಕು ದಾಟಿದ ಮೇಲೆ ಅದು ಬಹುಪಾಲು ನಡಿಗೆಯ ಲೆಕ್ಕವೇ. ನೂರು ಮೀಟರ್ ನಡೆಯಲು ಒಂದು ಕೋಲು ಬೇಕಾದರೆ ಆರು. ಗಾಲಿಕುರ್ಚಿಗೆ ಬಂದರೆ ಏಳು. ಮೀಟಿಂಗಿನಲ್ಲಿ ಮೂರು ಜನ ಒಟ್ಟಿಗೆ ಮಾತಾಡಿದರೆ ಏನೂ ತಲೆಗೆ ಹೋಗುವುದಿಲ್ಲ ಅನ್ನುವವರಿಗೆ ಆ ಮಾಪಕದಲ್ಲಿ ಇರುವ ಜಾಗ ತೀರಾ ಚಿಕ್ಕದು. ಅವರ ಅಂಕ ಎರಡು ಇರಬಹುದು. "ನೀವು ಆರಾಮಾಗಿದ್ದೀರಿ" ಅಂತ ಹೇಳಿ ಕಳಿಸಬಹುದು. ಅವರು ಮಾತ್ರ ಆ ತಿಂಗಳೇ ಕೆಲಸ ಬಿಟ್ಟಿರುತ್ತಾರೆ.

ನಾನು ಇವತ್ತು ಮಾತಾಡುವುದು ಇವರ ಬಗ್ಗೆ.

ಇದೇನು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಝಾನ್-ಮಾರ್ಟಿನ್ ಶಾರ್ಕೋ ಈ ಕಾಯಿಲೆಯನ್ನು 1868ರಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಬಿಡಿಸಿ ಹೇಳಿದರು. ರೋಗಿಗಳ ನೆನಪು ಕುಗ್ಗುತ್ತದೆ, ಯೋಚನೆ ನಿಧಾನವಾಗುತ್ತದೆ ಅಂತ ಅವರೇ ತಮ್ಮ ಉಪನ್ಯಾಸಗಳಲ್ಲಿ ಹೇಳಿದ್ದರು. ಆಮೇಲೆ ಅದೇಕೋ ವೈದ್ಯಲೋಕ ಅದನ್ನು ಬದಿಗಿಟ್ಟಿತು. ಎಂಎಸ್ ಅಂದರೆ ಕಾಲು, ಕಣ್ಣು, ಮೂತ್ರಕೋಶ. ಬುದ್ಧಿಗೆ ತೊಂದರೆ ಬರುವುದು ಅಪರೂಪ ಅನ್ನುವ ನಂಬಿಕೆ ಬಹಳ ಕಾಲ ಉಳಿಯಿತು.

ಅದನ್ನು ಅಲ್ಲಾಡಿಸಿದ್ದು ಸ್ಟೀಫನ್ ರಾವ್ ಮತ್ತು ಅವರ ತಂಡ 1991ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಆಸ್ಪತ್ರೆಯಲ್ಲಿ ಮಲಗಿದ್ದವರನ್ನು ನೋಡಲಿಲ್ಲ. ಮನೆಯಲ್ಲಿ ಬದುಕು ಸಾಗಿಸುತ್ತಿದ್ದ ಎಂಎಸ್ ಇರುವ 100 ಜನರನ್ನು ತೆಗೆದುಕೊಂಡರು. ವಯಸ್ಸು, ಓದು ಎಲ್ಲದರಲ್ಲೂ ಅವರಿಗೆ ಸರಿಹೊಂದುವ ಆರೋಗ್ಯವಂತ 100 ಜನರನ್ನು ಪಕ್ಕದಲ್ಲಿಟ್ಟರು. ಎಲ್ಲರಿಗೂ ನೆನಪು, ಗಮನದ ಅವವೇ ಪರೀಕ್ಷೆಗಳು. ಎಂಎಸ್ ಇದ್ದವರಲ್ಲಿ 48 ಜನರ ಅಂಕ ಕೆಳಗಿತ್ತು. ಆರೋಗ್ಯವಂತರಲ್ಲಿ 5 ಜನರದ್ದು. ಅಂದರೆ ಕಾಯಿಲೆಯ ಲೆಕ್ಕಕ್ಕೆ ಸೇರುವುದು ಶೇಕಡಾ 43. ನಂತರದ ಅಧ್ಯಯನಗಳಲ್ಲೂ ಶೇಕಡಾ 40ರಿಂದ 65ರವರೆಗೆ ಬರುತ್ತಲೇ ಇದೆ. ಯಾರನ್ನು ಅಳೆದರು, ಯಾವುದರಿಂದ ಅಳೆದರು ಅನ್ನುವುದರ ಮೇಲೆ ಸಂಖ್ಯೆ ಹತ್ತಿಳಿಯುತ್ತದೆ.

ಆದರೆ ರಾವ್ ಅವರ ಎರಡನೇ ಲೇಖನ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಎಂಎಸ್ ಇದ್ದ ಅದೇ ಜನರನ್ನು ಅಂಕ ಕುಗ್ಗಿದವರು, ಕುಗ್ಗದವರು ಅಂತ ಎರಡು ಗುಂಪು ಮಾಡಿ, ಅವರ ದಿನನಿತ್ಯದ ಬದುಕು ಹೇಗಿದೆ ಅಂತ ನೋಡಿದರು. ಎರಡು ಗುಂಪಿನವರ ದೈಹಿಕ ತೊಂದರೆ ಒಂದೇ ಮಟ್ಟದ್ದು. ಕಾಯಿಲೆ ಶುರುವಾಗಿ ಕಳೆದ ವರ್ಷಗಳಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಆದರೂ ನೆನಪು, ಗಮನ ಕುಗ್ಗಿದವರಲ್ಲಿ ಕೆಲಸದಲ್ಲಿ ಉಳಿದವರು ಕಡಿಮೆ. ನಾಲ್ಕು ಜನರ ಜೊತೆ ಬೆರೆಯುವುದು ಕಡಿಮೆ. ಮನೆಗೆಲಸವೂ ಕಷ್ಟ. ಕಾಲು ಅಷ್ಟೇ ನಡೆಯುತ್ತಿದ್ದರೂ ಬದುಕು ಸಣ್ಣದಾಗುತ್ತಾ ಹೋಗಿತ್ತು.

ಈಗ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ನರತಂತುಗಳ ಸುತ್ತ ಮೈಲಿನ್ ಅನ್ನುವ ಕೊಬ್ಬಿನ ಪದರ ಇರುತ್ತದೆ. ಸಂದೇಶ ವೇಗವಾಗಿ ಹೋಗುವುದು ಅದರಿಂದ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಪದರವನ್ನು ಕಡಿಯುತ್ತದೆ. ಬರೀ ಮೈಲಿನ್ ಅಷ್ಟೇ ಹೋಗುತ್ತದೆ ಅಂತ ಹಿಂದೆ ಅಂದುಕೊಂಡಿದ್ದರು. ಮಿದುಳಿನ ಹೊರಪದರದಲ್ಲೂ ಗಾಯಗಳಾಗುತ್ತವೆ, ಥಲಾಮಸ್ ಅನ್ನುವ ಭಾಗ ಕುಗ್ಗುತ್ತದೆ ಅಂತ ಈಗ ಗೊತ್ತಿದೆ. ಥಲಾಮಸ್ ಅಂದರೆ ಮಿದುಳಿನ ಮಧ್ಯದ ದೊಡ್ಡ ಜಂಕ್ಷನ್. ನೇರ ರಸ್ತೆ ಕಿತ್ತುಹೋದಾಗ ನೀವು ಸುತ್ತುದಾರಿ ಹಿಡಿದು ಊರು ತಲುಪುತ್ತೀರಿ. ತಲುಪುವುದೇನೋ ತಲುಪುತ್ತೀರಿ, ಹೊತ್ತು ಜಾಸ್ತಿ, ಪೆಟ್ರೋಲೂ ಜಾಸ್ತಿ. ಎಂಎಸ್ ಇರುವವರ ಮಿದುಳು ಒಂದು ಸಾಧಾರಣ ಕೆಲಸಕ್ಕೂ ಜಾಸ್ತಿ ಭಾಗಗಳನ್ನು ಬಳಸುವುದು ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ.

ಅದಕ್ಕೇ ಎಂಎಸ್‌ನಲ್ಲಿ ಮೊದಲು ಕೈಕೊಡುವುದು ವೇಗ. ತಿಳಿವಳಿಕೆ ಅಲ್ಲ, ಭಾಷೆ ಅಲ್ಲ, ನೀವು ಕಲಿತ ವಿದ್ಯೆಯೂ ಅಲ್ಲ. ವೇಗದ ಜೊತೆಗೆ ಹೊಸ ವಿಷಯ ಕಲಿತು ಇಟ್ಟುಕೊಳ್ಳುವುದು, ಎರಡು ಕೆಲಸ ಒಟ್ಟಿಗೆ ತೂಗಿಸುವುದು ಕಷ್ಟವಾಗುತ್ತದೆ, ನಾಲಿಗೆ ತುದಿಯಲ್ಲಿರುವ ಪದ ಬಾರದೆ ಹೋಗುತ್ತದೆ. ಇದು ಆಲ್‌ಝೈಮರ್ ಥರ ಅಲ್ಲ. ಇಲ್ಲಿ ತುಂಬ ಜನ ಒಳಗೊಳಗೇ ಹೆದರುವುದು ಅದಕ್ಕೇ, ಅಲ್ವಾ? ಬಹುಪಾಲು ಜನರಲ್ಲಿ ಬದಲಾವಣೆ ಸಣ್ಣದಿಂದ ಮಧ್ಯಮ ಮಟ್ಟದ್ದು, ಬರುವುದೂ ನಿಧಾನ. ತೀವ್ರವಾದ ಡಿಮೆನ್ಷಿಯಾ ಮಟ್ಟಕ್ಕೆ ಹೋಗುವವರು ಕಡಿಮೆ.

ಇದನ್ನು ಅಳೆಯುವುದು ಹೇಗೆ? ಎಸ್‌ಡಿಎಂಟಿ ಅನ್ನುವ ಪರೀಕ್ಷೆ ಇದೆ. ಆರನ್ ಸ್ಮಿತ್ 1973ರಲ್ಲಿ ಪ್ರಕಟಿಸಿದ್ದು. ನಿಮ್ಮ ಮುಂದೆ ಒಂದು ಹಾಳೆ ಇಡುತ್ತಾರೆ. ಮೇಲ್ಗಡೆ ಒಂಬತ್ತು ಚಿಹ್ನೆಗಳು, ಪ್ರತಿಯೊಂದರ ಕೆಳಗೆ ಒಂದರಿಂದ ಒಂಬತ್ತರವರೆಗೆ ಒಂದು ಅಂಕಿ. ಕೆಳಗೆ ಸಾಲು ಸಾಲಾಗಿ ಬರೀ ಚಿಹ್ನೆಗಳು. ಚಿಹ್ನೆ ನೋಡಬೇಕು, ಮೇಲೆ ಹುಡುಕಬೇಕು, ಅಂಕಿ ಬಾಯಲ್ಲಿ ಹೇಳಬೇಕು. 90 ಸೆಕೆಂಡ್. ಎಷ್ಟು ಸರಿ ಹೇಳಿದಿರೋ ಅಷ್ಟು ಅಂಕ. ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಮಾಡುವವರ ಕಣ್ಣನ್ನು ಗಮನಿಸಿ. ಮೊದಲ ಅರ್ಧ ನಿಮಿಷ ಎಲ್ಲರೂ ಮೇಲೆ ಕೆಳಗೆ, ಮೇಲೆ ಕೆಳಗೆ. ಆಮೇಲೆ ಕೆಲವರ ಕಣ್ಣು ಮೇಲೆ ಹೋಗುವುದೇ ಕಡಿಮೆಯಾಗುತ್ತದೆ. ಎರಡು ಮೂರು ಜೋಡಿ ಆಗಲೇ ನೆನಪಿನಲ್ಲಿ ಕೂತುಬಿಟ್ಟಿರುತ್ತವೆ. ಎಂಎಸ್‌ನಿಂದ ವೇಗ ಕುಗ್ಗಿದವರ ಕಣ್ಣು ಕೊನೆಯ ಸೆಕೆಂಡಿನವರೆಗೂ ಮೇಲೆ ಕೆಳಗೆ ಓಡುತ್ತಲೇ ಇರುತ್ತದೆ. ಹೇಳಿದ್ದೆಲ್ಲ ಸರಿಯೇ. ತಪ್ಪು ಬಹಳ ಕಡಿಮೆ. ಸಮಯ ಸಾಕಾಗಲಿಲ್ಲ, ಅಷ್ಟೇ.

ಈ ಪರೀಕ್ಷೆಯಲ್ಲಿ ಒಂದು ಸಲದ ಅಂಕಕ್ಕಿಂತ ಮುಂದಿನ ಸಲದ ಇಳಿಕೆ ದೊಡ್ಡ ಸುಳಿವು. ನಾಲ್ಕು ಅಂಕ ಇಳಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ತಜ್ಞರು ಹೇಳುತ್ತಾರೆ. ಹೊಸ ಕೈಕಾಲು ತೊಂದರೆ ಏನೂ ಇಲ್ಲದೆ, ಬರೀ ಈ ಅಂಕ ಮಾತ್ರ ಇಳಿಯುವ ಮರುಕಳಿಕೆಗಳೂ, ಅಂದರೆ ಕಾಯಿಲೆ ಮತ್ತೆ ಕೆರಳುವ ಸಂದರ್ಭಗಳೂ ಉಂಟು. ಅಳೆಯದಿದ್ದರೆ ಅದು ಯಾರಿಗೂ ಗೊತ್ತಾಗುವುದೇ ಇಲ್ಲ.

ಮನೆಯಲ್ಲಿ ಇದು ಹೇಗೆ ಕಾಣುತ್ತದೆ? ಫೋನಿನಲ್ಲಿ ಮಾತಾಡುತ್ತಿದ್ದೀರಿ. ಅಷ್ಟರಲ್ಲಿ ಪಕ್ಕದಿಂದ ಮಗಳು ಏನೋ ಕೇಳುತ್ತಾಳೆ. ಹೂಂ ಅನ್ನುತ್ತೀರಿ. ಫೋನಿನಲ್ಲಿ ಹೇಳಿದ್ದೂ ಹೋಯಿತು, ಮಗಳು ಕೇಳಿದ್ದೂ ಹೋಯಿತು. ಸಂಜೆ ಅವಳು "ಬೆಳಿಗ್ಗೆ ಹೂಂ ಅಂದಿದ್ದೆಯಲ್ಲ" ಅನ್ನುತ್ತಾಳೆ. ನಿಮಗೆ ಹೂಂ ಅಂದಿದ್ದೇ ನೆನಪಿಲ್ಲ. ಇದನ್ನು ನಾವು ಮರೆವು ಅನ್ನುತ್ತೇವೆ. ನಿಜವಾಗಿ ಆ ಮಾತು ಒಳಗೆ ಹೋಗಿ ಕೂತಿರಲೇ ಇಲ್ಲ. ಎರಡು ಕಡೆಯ ಮಾತಿನ ವೇಗಕ್ಕೆ ಮಿದುಳು ಸರಿದೂಗಲಿಲ್ಲ. ನಡೆಯುತ್ತಾ ಮಾತಾಡುವಾಗಲೂ ಹೀಗೇ. ಮಾತು ಗಂಭೀರವಾದ ಕೂಡಲೇ ಹೆಜ್ಜೆ ನಿಧಾನವಾಗುತ್ತದೆ, ಕೆಲವೊಮ್ಮೆ ಕಾಲೇ ತಡವರಿಸುತ್ತದೆ. ಮೆಟ್ಟಿಲ ಮೇಲೆ ಇದ್ದಾಗ ಅವರನ್ನು ಮಾತಾಡಿಸಬೇಡಿ. ಇಷ್ಟು ಸಣ್ಣ ಬದಲಾವಣೆಯಿಂದ ಬೀಳುವುದು ತಪ್ಪಬಹುದು.

ಹೊರಗಿನವರಿಗೆ ಇದು ಬೇರೆ ಥರ ಕಾಣುತ್ತದೆ. ಗಂಡನಿಗೆ ನಿರ್ಲಕ್ಷ್ಯದ ಹಾಗೆ. ಬಾಸ್‌ಗೆ ಸೋಮಾರಿತನದ ಹಾಗೆ. ಅತ್ತೆಗೆ ಅಹಂಕಾರದ ಹಾಗೆ. ಹಲವರು ನನ್ನ ಹತ್ತಿರ ಹೇಳುವುದು, "ಮರೆಯುವುದು ಅಷ್ಟು ಬೇಜಾರಲ್ಲ, ಬೇಕಂತಲೇ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರಲ್ಲ, ಅದು ಬೇಜಾರು." ನಾನು ಈ ಮಾತನ್ನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನೆಮ್ಮದಿ ಕೆಡುವುದರಲ್ಲಿ ಕುಗ್ಗಿದ ವೇಗದ ಪಾಲಿನಷ್ಟೇ ಈ ತಪ್ಪು ತಿಳಿವಳಿಕೆಯ ಪಾಲೂ ಇದೆ ಅಂತ ನನ್ನ ಅನುಭವ.

ಕೆಲವರಲ್ಲಿ ಮೊದಲ ಲಕ್ಷಣಕ್ಕಿಂತ ಮುಂಚೆಯೇ ಬದಲಾವಣೆ ಶುರುವಾಗಿರುತ್ತದೆ. ನಾರ್ವೆಯಲ್ಲಿ ಯುವಕರಿಗೆ ಸೇನಾ ಭರ್ತಿಯ ವೇಳೆ ಬುದ್ಧಿ ಪರೀಕ್ಷೆ ಮಾಡುತ್ತಾರೆ. ಮುಂದೆ ಎಂಎಸ್ ಬಂದವರ ಹಳೆಯ ಅಂಕಗಳನ್ನು ತೆಗೆದು ನೋಡಿದ ಅಧ್ಯಯನ 2016ರಲ್ಲಿ ಬಂತು. ಪರೀಕ್ಷೆಯಾದ ಎರಡು ವರ್ಷದೊಳಗೆ ಮೊದಲ ಲಕ್ಷಣ ಕಾಣಿಸಿಕೊಂಡವರ ಅಂಕ ಆಗಲೇ ಕಡಿಮೆ ಇತ್ತು. ಇದನ್ನು ಕೇಳಿ ಹೆದರಬೇಡಿ. "ಆ ವರ್ಷ ಕಾಲೇಜಿನಲ್ಲಿ ನನಗೇನಾಗಿತ್ತು?" ಅಂತ ಇಷ್ಟು ವರ್ಷ ತಮ್ಮನ್ನೇ ಬೈದುಕೊಂಡವರಿಗೆ ಇದು ಸಮಾಧಾನ ಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಇನ್ನು ಸ್ವಲ್ಪ ಗೋಜಲಿನ ಭಾಗ. "ನನ್ನ ನೆನಪು ಹಾಳಾಗಿದೆ" ಅಂತ ಬಂದವರಿಗೆಲ್ಲ ಪರೀಕ್ಷೆಯಲ್ಲಿ ಕಡಿಮೆ ಅಂಕ ಬರುವುದಿಲ್ಲ. ಕಡಿಮೆ ಅಂಕ ಬಂದವರೆಲ್ಲ ದೂರುವುದೂ ಇಲ್ಲ. ಒಬ್ಬರ ದೂರು ಅವರ ಅಂಕಕ್ಕಿಂತ ಅವರ ಖಿನ್ನತೆಯ ಜೊತೆ ಹೆಚ್ಚು ತಾಳೆಯಾಗುತ್ತದೆ. ಇದು ಮತ್ತೆ ಮತ್ತೆ ಕಂಡುಬಂದಿರುವ ವಿಷಯ. ಹಾಗಂತ ದೂರು ಸುಳ್ಳಾ? ಖಂಡಿತ ಅಲ್ಲ. ಸದ್ದಿಲ್ಲದ ಕೋಣೆಯಲ್ಲಿ, ಬೆಳಗಿನ ಹೊತ್ತು, ಒಂದೇ ಕೆಲಸ ಕೊಟ್ಟು 90 ಸೆಕೆಂಡ್ ಅಳೆದರೆ ಸಂಜೆ ಆರು ಗಂಟೆಯ ಮನೆ ಹೇಗಿರುತ್ತದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಖಿನ್ನತೆ ತನ್ನಷ್ಟಕ್ಕೆ ತಾನೇ ಗಮನವನ್ನೂ ವೇಗವನ್ನೂ ಕುಗ್ಗಿಸುತ್ತದೆ ಅನ್ನುವುದೂ ನಿಜ. ಎಂಎಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಜೀವನದಲ್ಲಿ ಯಾವುದೋ ಒಂದು ಹಂತದಲ್ಲಿ ಖಿನ್ನತೆ ಬರುತ್ತದೆ. "ಇಂಥ ಕಾಯಿಲೆ ಬಂದರೆ ಬೇಜಾರಾಗದೆ ಇರುತ್ತಾ" ಅಂತ ಎಲ್ಲರೂ ಅದನ್ನು ಸಹಜ ಮಾಡಿಬಿಡುತ್ತಾರೆ. ಸಹಜ ಅಂದ ಮೇಲೆ ಚಿಕಿತ್ಸೆ ಯಾಕೆ, ಅಲ್ವಾ? ಇದು ನನಗೆ ಸಿಟ್ಟು ಬರಿಸುವ ಮಾತು. ಈ ಖಿನ್ನತೆಗೆ ಚಿಕಿತ್ಸೆ ಇದೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಫೋನ್ ಮೂಲಕ ಕೊಟ್ಟಾಗಲೂ ಕೆಲಸ ಮಾಡಿದೆ. ನೆನಪಿನ ಸಮಸ್ಯೆಗೆ ಮಾತ್ರೆ ಇಲ್ಲದ ಈ ಕಾಯಿಲೆಯಲ್ಲಿ, ಮಾತ್ರೆಯೂ ಥೆರಪಿಯೂ ಇರುವ ಭಾಗವನ್ನೇ ಬಿಟ್ಟುಬಿಡುವುದು ಯಾವ ನ್ಯಾಯ?

ಮಾತ್ರೆಯ ಬಗ್ಗೆ ಬಂದೆ, ಹೇಳಿಬಿಡುತ್ತೇನೆ. ಆಲ್‌ಝೈಮರ್‌ಗೆ ಕೊಡುವ ಡೊನೆಪೆಝಿಲ್ 2004ರ ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿಸಿತ್ತು. 2011ರಲ್ಲಿ ದೊಡ್ಡ ಪ್ರಯೋಗ ಮಾಡಿದಾಗ ಲಾಭ ಕಾಣಲಿಲ್ಲ. ಸುಸ್ತಿಗೆ ಬಹಳ ಕಡೆ ಬರೆದುಕೊಡುವ ಅಮಾಂಟಡಿನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಮೂರನ್ನೂ 141 ಜನರ ಮೇಲೆ ಸರದಿಯಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ಸುಸ್ತು ಕಡಿಮೆ ಮಾಡುವುದರಲ್ಲಿ ಯಾವುದೂ ಡಮ್ಮಿ ಮಾತ್ರೆಗಿಂತ ಮೇಲಾಗಲಿಲ್ಲ. ಅಡ್ಡಪರಿಣಾಮ ಮಾತ್ರ ಜಾಸ್ತಿ. ಆದ್ದರಿಂದ ನೆನಪಿನ ಶಕ್ತಿ ಹೆಚ್ಚಿಸುವ ಪುಡಿ, ಗುಳಿಗೆ ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ಬದಲಿಗೆ ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ನೋಡಿ. ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್‌ನಂಥವು ನೆನಪಿಗೆ ಅಡ್ಡ ಬರಬಲ್ಲವು. ಸ್ನಾಯುಗಳ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಮಂಪರು ತರುತ್ತದೆ. ನಿದ್ದೆ ಮಾತ್ರೆ, ನೋವಿನ ಮಾತ್ರೆಗಳಲ್ಲೂ ಕೆಲವು ಹಾಗೇ. ನೀವಾಗಿಯೇ ನಿಲ್ಲಿಸಬೇಡಿ. ಬ್ಯಾಕ್ಲೋಫೆನ್ ಅನ್ನು ಏಕಾಏಕಿ ನಿಲ್ಲಿಸುವುದು ಅಪಾಯ. ಪಟ್ಟಿಯನ್ನು ಡಾಕ್ಟರ್ ಮುಂದಿಟ್ಟು "ಇದರಲ್ಲಿ ತಲೆ ಮಂಕು ಮಾಡುವುದು ಯಾವುದು, ಬದಲಿ ಇದೆಯಾ" ಅಂತ ಕೇಳಿ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ಹಗಲು ಗಮನ ಇರುವುದು ಹೇಗೆ? ಅಲ್ಲಿ ಮೊದಲು ಸರಿಮಾಡಬೇಕಾದ್ದು ನಿದ್ದೆ. ಮೈ ಬಿಸಿಯಾದಾಗ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದನ್ನು ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಗಮನಿಸಿದ್ದರು. ಕಣ್ಣು ಮಂಜಾಗುವ ಹಾಗೆ ಯೋಚನೆಯೂ ಮಂಜಾಗುತ್ತದೆ. ತಣ್ಣಗಾದರೆ ತಿಳಿಯಾಗುತ್ತದೆ.

ತರಬೇತಿಯಿಂದ ಏನಾದರೂ ಆಗುತ್ತಾ? ಇಲ್ಲಿ ಉತ್ತರ ನೇರವಾಗಿಲ್ಲ. ಬ್ರಿಟನ್ನಿನಲ್ಲಿ ಕ್ರಾಮ್ಸ್ ಅನ್ನುವ ಪ್ರಯೋಗ ನಡೆಯಿತು. 449 ಜನ. ಅರ್ಧದಷ್ಟು ಜನರನ್ನು ನಾಲ್ಕರಿಂದ ಆರು ಜನರ ಸಣ್ಣ ಗುಂಪುಗಳಾಗಿ ಸೇರಿಸಿ, ಹತ್ತು ವಾರ ನೆನಪು ಮತ್ತು ಗಮನದ ಉಪಾಯಗಳನ್ನು ಕಲಿಸಿದರು. 2019ರಲ್ಲಿ ಫಲಿತಾಂಶ ಬಂತು. ವರ್ಷದ ನಂತರ ಕಾಯಿಲೆ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಅಳೆದರೆ ಎರಡು ಗುಂಪಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪ್ರಯೋಗದ ಮುಖ್ಯ ಗುರಿ ಅದೇ ಆಗಿತ್ತು. ಹಾಗಾಗಿ ಪ್ರಯೋಗ ಸೋತಿತು ಅಂತ ಬರೆದುಬಿಡಬಹುದು. ಆದರೆ ಕಲಿತವರು ದಿನನಿತ್ಯದ ಮರೆವಿನ ಸಮಸ್ಯೆಗಳು ಕಡಿಮೆಯಾಗಿವೆ ಅಂದರು, ಅವರ ಮೂಡ್ ಕೂಡ ಸ್ವಲ್ಪ ಮೇಲಿತ್ತು. ಸಣ್ಣ ಲಾಭ, ಒಪ್ಪುತ್ತೇನೆ. ಕಾಜೆಕ್ಸ್ ಅನ್ನುವ ಇನ್ನೊಂದು ಪ್ರಯೋಗದಲ್ಲಿ ನಿಧಾನವಾಗಿ ಏರುವ ಬಗೆಯ ಎಂಎಸ್ ಇದ್ದ 311 ಜನರಿಗೆ 12 ವಾರ ಕಂಪ್ಯೂಟರ್ ತರಬೇತಿ ಮತ್ತು ವ್ಯಾಯಾಮ ಎರಡನ್ನೂ ಬೇರೆ ಬೇರೆಯಾಗಿ, ಒಟ್ಟಿಗೆ ಕೊಟ್ಟು ನೋಡಿದರು. 2023ರಲ್ಲಿ ಬಂದ ಉತ್ತರ: ವೇಗದ ಅಂಕದಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿಲ್ಲ.

ನಾನು ಇದನ್ನೆಲ್ಲ ಓದಿ ಬಂದಿರುವ ತೀರ್ಮಾನ ಇದು. ಅಂಕ ಏರಿಸುವುದು ಕಷ್ಟ. ಇರುವ ವೇಗದಲ್ಲಿ ಬದುಕನ್ನು ಹಗುರ ಮಾಡಿಕೊಳ್ಳುವುದು ಅಷ್ಟು ಕಷ್ಟವಲ್ಲ. ನನ್ನ ಹತ್ತಿರ ಬಂದವರಿಗೆ ನಾನು ಹೊತ್ತು ಕೊಡುವುದು ಈ ಎರಡನೆಯದಕ್ಕೆ.

ಉದಾಹರಣೆಗೆ, ಹೊಸ ವಿಷಯ ನೆನಪಿಡಬೇಕು ಅಂದರೆ ಮತ್ತೆ ಮತ್ತೆ ಓದಬೇಡಿ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನಿಮ್ಮನ್ನೇ ನೀವು ಕೇಳಿಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿಕೊಳ್ಳಿ. ಎಂಎಸ್ ಇರುವವರಲ್ಲಿ ಇದು ಬರೀ ಓದುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದನ್ನು ಪ್ರಯೋಗಗಳು ತೋರಿಸಿವೆ. ನೆನಪಿಡಬೇಕಾದ ಪದಗಳನ್ನು ಕಣ್ಣಿಗೆ ಕಟ್ಟುವ ಒಂದು ಕಥೆಯೊಳಗೆ ಪೋಣಿಸುವ ವಿಧಾನವನ್ನು ಹತ್ತು ಸೆಷನ್‌ಗಳಲ್ಲಿ ಕಲಿಸುತ್ತಾರೆ. ಅದಕ್ಕೂ ಒಳ್ಳೆಯ ಪುರಾವೆ ಇದೆ. ಮಿಕ್ಕಿದ್ದೆಲ್ಲ ದಿನದ ಹೊಂದಾಣಿಕೆ. ತಲೆ ಜಾಸ್ತಿ ಬೇಕಾದ ಕೆಲಸ ನಿಮ್ಮ ಒಳ್ಳೆಯ ಹೊತ್ತಿಗೆ. ಮಾತಾಡುವಾಗ ಟಿವಿ ಬಂದ್. ಒಂದೇ ಡೈರಿ; ಗೋಡೆಯ ಮೇಲೊಂದು ಚೀಟಿ, ಫೋನಿನಲ್ಲೊಂದು, ಪರ್ಸಿನಲ್ಲೊಂದು ಬೇಡ. ಮನೆಯವರು ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು, ಉತ್ತರಕ್ಕೆ ಕಾಯಬೇಕು. ಕಾಯುವುದೇ ಎಲ್ಲಕ್ಕಿಂತ ಕಷ್ಟ. ನಾವು ಎರಡು ಸೆಕೆಂಡ್ ಮೌನವಾದರೆ ಇನ್ನೊಬ್ಬರ ವಾಕ್ಯವನ್ನು ನಾವೇ ಮುಗಿಸಿಬಿಡುತ್ತೇವೆ.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: "ಪದಬಂಧ, ಸುಡೊಕು ಮಾಡಿದರೆ ಒಳ್ಳೆಯದಾ?"

ಇಷ್ಟವಿದ್ದರೆ ಮಾಡಿ. ಬದುಕಿನುದ್ದಕ್ಕೂ ಓದು, ಹವ್ಯಾಸ ಇಟ್ಟುಕೊಂಡವರು ಮಿದುಳಿಗೆ ಅಷ್ಟೇ ಪೆಟ್ಟು ಬಿದ್ದಿದ್ದರೂ ಸ್ವಲ್ಪ ಜಾಸ್ತಿ ತಡೆದುಕೊಳ್ಳುವುದು ಕಂಡಿದೆ. ಆದರೆ ಸುಡೊಕು ಮಾಡಿದರೆ ಸುಡೊಕು ಚೆನ್ನಾಗಿ ಬರುತ್ತದೆ. ಅದನ್ನು ಔಷಧಿಯ ಹಾಗೆ ನುಂಗಬೇಡಿ.

ಇನ್ನೊಬ್ಬರು: "ಆಫೀಸಿನಲ್ಲಿ ಹೇಳಬೇಕಾ, ಬೇಡವಾ?"

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಕಾನೂನು, ಕೆಲಸ, ಮೇಲಿನವರ ಸ್ವಭಾವ ಎಲ್ಲ ನೋಡಬೇಕು. ಹೇಳುವುದಾದರೆ "ನನಗೆ ನೆನಪಿನ ಸಮಸ್ಯೆ" ಅಂತ ಶುರುಮಾಡಬೇಡಿ. ಅದನ್ನು ಕೇಳಿದವರ ಕಲ್ಪನೆ ಎಲ್ಲೆಲ್ಲಿಗೋ ಹೋಗುತ್ತದೆ. ಬೇಕಾದ್ದನ್ನು ಕೇಳಿ. ಮೀಟಿಂಗಿನ ತೀರ್ಮಾನ ಬರಹದಲ್ಲಿ ಬರಲಿ, ಬಾಗಿಲ ಪಕ್ಕದ ಸೀಟು ಬದಲಾಗಲಿ, ಒಂದು ಕೆಲಸ ಮುಗಿದ ಮೇಲೆ ಇನ್ನೊಂದು ಕೊಡಲಿ. ಇವಕ್ಕೆ ಖರ್ಚಿಲ್ಲ.

ಹಿಂದಿನ ಸಾಲಿನಿಂದ ಕೊನೆಯ ಪ್ರಶ್ನೆ: "ಮರೆವು ಅಂದರೆ ಡಾಕ್ಟರ್ ನಗುತ್ತಾರೆ, ನನಗೂ ಮರೆಯುತ್ತದೆ ಅನ್ನುತ್ತಾರೆ. ಏನು ಹೇಳಲಿ?"

ಎಲ್ಲರೂ ತಲೆಯಾಡಿಸಿದ್ದು ನೋಡಿದರೆ ಇದು ನಿಮ್ಮೊಬ್ಬರ ಅನುಭವವಲ್ಲ. ಮರೆವು ಅನ್ನುವ ಬದಲು ಘಟನೆ ಹೇಳಿ. "ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ ಲೆಕ್ಕ, ಹೋದ ತಿಂಗಳು ಎರಡು ಸಲ ಅರ್ಧಕ್ಕೇ ಬಿಟ್ಟೆ" ಅಂದರೆ ಯಾರೂ ನಗುವುದಿಲ್ಲ. ಇಂಥ ಮೂರ್ನಾಲ್ಕು ಘಟನೆ ಬರೆದುಕೊಂಡು ಹೋಗಿ. ನಿಮ್ಮ ಜೊತೆ ಇರುವವರನ್ನೂ ಕರೆದುಕೊಂಡು ಹೋಗಿ, ಅವರು ಬೇರೆಯದೇ ಕಂಡಿರುತ್ತಾರೆ. ಆಮೇಲೆ ಎಸ್‌ಡಿಎಂಟಿ ಮಾಡಿಸಿ ಅಂತ ಹೆಸರು ಹಿಡಿದೇ ಕೇಳಿ. ಆರಾಮಾಗಿರುವಾಗ ಒಮ್ಮೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ ಅದೇ ಪರೀಕ್ಷೆ ಮತ್ತೆ ಮಾಡಬೇಕು ಅಂತ 2018ರಲ್ಲಿ ಪ್ರಕಟವಾದ ತಜ್ಞರ ಶಿಫಾರಸು ಇದೆ. ಸಾಧ್ಯವಾದರೆ ದಿನದ ಅದೇ ಹೊತ್ತಿನಲ್ಲಿ ಮಾಡಿಸಿ. ಕಣ್ಣು ಮಂಜಾಗಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಕಣ್ಣಿನ ತೊಂದರೆ ತಲೆಯ ಲೆಕ್ಕಕ್ಕೆ ಸೇರುತ್ತದೆ. ಬಂದ ಅಂಕ, ತಾರೀಖು, ಆ ದಿನ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ನಿಮ್ಮ ಫೈಲಿನಲ್ಲಿ ನೀವೇ ಇಟ್ಟುಕೊಳ್ಳಿ. ಮುಂದಿನ ವರ್ಷ ಡಾಕ್ಟರ್ ಬದಲಾಗಿದ್ದರೂ ಹೋಲಿಸಿ ನೋಡಲು ಆ ಹಾಳೆ ಬೇಕಾಗುತ್ತದೆ.